ಗಿಳಿಗೆ ಬೇಕಾದ್ದು ಪೊಟರೆ: ನಮ್ಮ ತೋಟ, ಹೊಲಗಳಲ್ಲಿ ಕಾಡುಗಿಳಿ ಉಳಿಯುವುದು ಹೇಗೆ?

ನಮ್ಮ ಕಡೆಯ ಗಿಳಿಗಳು ಗೂಡು ಕಟ್ಟುವುದಿಲ್ಲ. ಕಡ್ಡಿ ಹೆಕ್ಕುವುದಿಲ್ಲ, ನಾರು ನೇಯುವುದಿಲ್ಲ. ಅವು ಮೊಟ್ಟೆಯಿಡುವುದು ಮರದ ಪೊಟರೆಯಲ್ಲಿ. ಕೆಲವು ಗಿಳಿಗಳು ಹಳೇ ಗೋಡೆಯ, ಗೋಪುರದ ಸಂದಿಗಳಲ್ಲೂ ಇಡುತ್ತವೆ. ಆ ಪೊಟರೆಯನ್ನೂ ಹೆಚ್ಚಿನ ಸಲ ಬೇರೆ ಯಾರೋ ಮಾಡಿಕೊಟ್ಟಿರಬೇಕು. ಕುಟ್ರಹಕ್ಕಿ ಕೊರೆದು ಬಿಟ್ಟುಹೋದದ್ದು, ಮರಕುಟಿಗ ಕುಟ್ಟಿದ್ದು, ಗಾಳಿಗೆ ಕೊಂಬೆ ಮುರಿದ ಜಾಗ ಕೊಳೆತು ತಾನಾಗಿ ಆದದ್ದು. ಸಿಕ್ಕಿದ ತೂತನ್ನು ಗಿಳಿ ಕೊಕ್ಕಿನಿಂದ ಕೆರೆದು ಸ್ವಲ್ಪ ಅಗಲ ಮಾಡಿಕೊಳ್ಳುತ್ತದೆ, ಅಷ್ಟೇ.

ಇದೊಂದು ತಿಳಿದರೆ ಪ್ರಪಂಚದ ಗಿಳಿಗಳ ಕಷ್ಟ ಅರ್ಧ ತಿಳಿದ ಹಾಗೆ. ಭೂಮಿಯ ಮೇಲೆ ಸುಮಾರು 400 ಜಾತಿಯ ಗಿಳಿಗಳಿವೆ. ಅವುಗಳಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಜಾತಿಗಳು ಅಳಿವಿನ ಭಯದಲ್ಲಿವೆ. ಕಾರಣಗಳಲ್ಲಿ ಮುಖ್ಯವಾದವು ಎರಡು. ಪೊಟರೆ ಆಗುವಷ್ಟು ವಯಸ್ಸಾದ ಮರಗಳು ಹೋಗುತ್ತಿವೆ. ಉಳಿದ ಪೊಟರೆಗಳಿಂದ ಮರಿಗಳನ್ನು ಎತ್ತಿ ಮಾರುತ್ತಿದ್ದಾರೆ. ಮರಿ ಎತ್ತುವವರು ಎಷ್ಟೋ ಸಲ ಪೊಟರೆಯ ಬಾಯನ್ನು ಕೊಡಲಿಯಿಂದ ಒಡೆಯುತ್ತಾರೆ, ಇಲ್ಲವೇ ಮರವನ್ನೇ ಉರುಳಿಸುತ್ತಾರೆ. ಆಗ ಆ ವರ್ಷದ ಮರಿಗಳ ಜೊತೆ ಮುಂದಿನ ಇಪ್ಪತ್ತು ವರ್ಷದ ಮನೆಯೂ ಹೋಯಿತು. ಎರಡೂ ಕಾರಣ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ: ಪೊಟರೆಗೆ.

ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳು ಒಂದು ಕಡೆ ಮಲೆನಾಡು, ಇನ್ನೊಂದು ಕಡೆ ಬಯಲುಸೀಮೆ. ಗಿಳಿಗಳೂ ಹಾಗೇ ಹಂಚಿಕೊಂಡಿವೆ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನ ತೆಂಗಿನ ತೋಟಗಳಲ್ಲಿ, ಜೋಳದ ಹೊಲಗಳಲ್ಲಿ ಕೂಗಾಡುತ್ತಾ ಹಾರುವುದು ನಾವೆಲ್ಲ ಕಂಡಿರುವ ಮಾಮೂಲಿ ಗಿಳಿ. ಗಂಡಿಗೆ ಕೊರಳಲ್ಲಿ ಕಪ್ಪು-ಗುಲಾಬಿ ಪಟ್ಟಿ. ಪಂಜರಗಳಲ್ಲಿ ಕಾಣುವುದೂ ಹೆಚ್ಚಾಗಿ ಇದೇ. ಕೆಂದಲೆ ಗಿಳಿ ಇನ್ನೊಂದು. ಅದರ ಗಂಡಿನ ತಲೆ ಪೂರ್ತಿ ನೇರಳೆಗೆಂಪು. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯ ಕಾಡು ಮತ್ತು ಕಾಫಿ ತೋಟಗಳಿಗೆ ಬಂದರೆ ನೀಲಿ ರೆಕ್ಕೆಯ ಗಿಳಿ ಸಿಗುತ್ತದೆ. ಮೈ ಬೂದು, ರೆಕ್ಕೆ ನೀಲಿ, ಉದ್ದ ಬಾಲದ ತುದಿ ಹಳದಿ. ಈ ಗಿಳಿ ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಇವುಗಳ ನಡುವೆ ಗುಬ್ಬಿಗಿಂತ ಅಷ್ಟೇನೂ ದೊಡ್ಡದಲ್ಲದ ಒಂದು ಪುಟ್ಟ ಹಸಿರು ಗಿಳಿಯೂ ಇದೆ. ಅದು ಬಾವಲಿ ಹಾಗೆ ತಲೆಕೆಳಗಾಗಿ ತೂಗಿಕೊಂಡು ನಿದ್ದೆ ಮಾಡುತ್ತದೆ. ಎಲ್ಲಕ್ಕಿಂತ ದೊಡ್ಡದು ಅಲೆಕ್ಸಾಂಡ್ರಿನ್ ಗಿಳಿ. ದಪ್ಪ ಕೆಂಪು ಕೊಕ್ಕು, ಭುಜದ ಮೇಲೆ ಕಡುಗೆಂಪು ಮಚ್ಚೆ.

ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇಟ್ಟಿರುವ ಪಟ್ಟಿಯಲ್ಲಿ ಈ ಐದರಲ್ಲಿ ಅಲೆಕ್ಸಾಂಡ್ರಿನ್ ಗಿಳಿ ಮಾತ್ರ ಅಪಾಯದ ಹೊಸ್ತಿಲಲ್ಲಿದೆ. ಉಳಿದವು ಸದ್ಯಕ್ಕೆ ಚಿಂತೆಯಿಲ್ಲದ ಸಾಲಿನಲ್ಲಿವೆ. ಹಾಗಾದರೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಅಂತ ಕೇಳಬಹುದು. ನನ್ನ ಉತ್ತರ ನೇರವಾಗಿದೆ. ಬೆರಳೆಣಿಕೆಯ ಹಕ್ಕಿ ಉಳಿದ ಮೇಲೆ ಮಾಡಬೇಕಾದ ಕೆಲಸದ ಖರ್ಚು, ಕಷ್ಟ, ಕಣ್ಣೀರು ಎಷ್ಟೆಂದು ಬೇರೆ ದೇಶಗಳು ಈಗಾಗಲೇ ತೋರಿಸಿವೆ. ಸಾವಿರಾರು ಹಕ್ಕಿ ಇರುವಾಗಲೇ ಮಾಡಿದರೆ ಅದೇ ಕೆಲಸಕ್ಕೆ ಒಂದು ನೋಟ್‌ಬುಕ್ಕು, ಒಂದಿಷ್ಟು ಹಳೇ ಮರಗಳು ಸಾಕು.

ಜಾಸ್ತಿ ಇದೆ ಅನ್ನುವ ಧೈರ್ಯವನ್ನು ನಂಬುವ ಹಾಗಿಲ್ಲ. ಅಮೆರಿಕದ ಪೂರ್ವ ಭಾಗದಲ್ಲಿ ಕ್ಯಾರೊಲಿನಾ ಗಿಳಿ ಅಂತ ಒಂದಿತ್ತು. ದೊಡ್ಡ ದೊಡ್ಡ ಹಿಂಡುಗಳಲ್ಲಿ ಬಂದು ಹಣ್ಣಿನ ತೋಟಗಳಿಗೆ ಇಳಿಯುತ್ತಿತ್ತು. ರೈತರು ಗುಂಡು ಹೊಡೆದರು. ಕಾಡೂ ಕರಗುತ್ತಿತ್ತು. ಆ ಗಿಳಿಗಳಿಗೆ ಒಂದು ಗುಣವಿತ್ತು: ಜೊತೆಯ ಹಕ್ಕಿ ಗಾಯವಾಗಿ ಬಿದ್ದರೆ ಹಿಂಡು ಓಡಿಹೋಗದೆ ಅದರ ಸುತ್ತ ಮತ್ತೆ ಮತ್ತೆ ಬಂದು ಸುತ್ತುತ್ತಿತ್ತು. ಹೊಡೆಯುವವರಿಗೆ ಇನ್ನೂ ಸುಲಭವಾಯಿತು. ಕೊನೆಯದಾಗಿ ಉಳಿದಿದ್ದ ಹಕ್ಕಿ 1918ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು.

ಎಣಿಕೆ ಯಾಕೆ ಮೋಸ ಮಾಡುತ್ತದೆ

ಗಿಳಿಗಳ ವಿಷಯದಲ್ಲಿ ಕಣ್ಣಿಗೆ ಕಂಡದ್ದನ್ನೇ ನಂಬಿದರೆ ತಪ್ಪಾಗುತ್ತದೆ. ಇದಕ್ಕೆ ಮುಖ್ಯ ಕಾರಣ ಅವುಗಳ ಆಯಸ್ಸು. ಗಿಳಿಗಳು ಸಣ್ಣ ಹಕ್ಕಿಗಳ ಹಾಗೆ ಎರಡು ಮೂರು ವರ್ಷಕ್ಕೆ ಸಾಯುವುದಿಲ್ಲ. ಹಲವು ವರ್ಷ ಬದುಕುತ್ತವೆ, ದೊಡ್ಡ ಜಾತಿಗಳಂತೂ ಹತ್ತಾರು ವರ್ಷ. ಈಗ ಒಂದು ಊರಿನಲ್ಲಿ ಐವತ್ತು ಗಿಳಿಗಳಿವೆ ಅಂದುಕೊಳ್ಳಿ. ಅಲ್ಲಿನ ಪೊಟರೆಗಳ ಮರವೆಲ್ಲ ಹೋಯಿತು. ಮರುವರ್ಷ ಎಷ್ಟು ಗಿಳಿ ಕಾಣುತ್ತವೆ? ಹೆಚ್ಚು ಕಡಿಮೆ ಐವತ್ತೇ. ಅದರ ಮುಂದಿನ ವರ್ಷವೂ ನಲವತ್ತರ ಮೇಲೆ. ಊರಿನವರಿಗೆ ಗಿಳಿ ಕಡಿಮೆಯಾಗಿದೆ ಅನಿಸುವುದೇ ಇಲ್ಲ. ಆದರೆ ಮರಿ ಬರುವುದು ನಿಂತು ಹೋಗಿದೆ. ಹಿಂಡು ಪೂರ್ತಿ ಮುದಿಯಾಗುತ್ತಿದೆ. ಒಂದು ದಿನ ಎಲ್ಲ ಒಟ್ಟಿಗೆ ಕಾಣೆಯಾದಾಗ ಏನೋ ರೋಗ ಬಂತು ಅನ್ನುತ್ತೇವೆ. ನಿಜವಾದ ಕಾರಣ ಎಷ್ಟೋ ವರ್ಷ ಹಿಂದೆ ಉರುಳಿದ ಮರ. ಮಕ್ಕಳೆಲ್ಲ ಪಟ್ಟಣ ಸೇರಿದ ಮೇಲೆ ಹಿರಿಯರಷ್ಟೇ ಉಳಿದ ಹಳ್ಳಿಯನ್ನು ದೂರದಿಂದ ನೋಡಿದರೆ ಮನೆಗಳೆಲ್ಲ ತುಂಬಿರುವ ಹಾಗೇ ಕಾಣುತ್ತದಲ್ಲ, ಹಾಗೆ.

ಆದ್ದರಿಂದಲೇ ಸಂಶೋಧಕರು ಎಷ್ಟು ಗಿಳಿ ಇವೆ ಅನ್ನುವ ಒಂದೇ ಪ್ರಶ್ನೆಗೆ ನಿಲ್ಲುವುದಿಲ್ಲ. ಎಷ್ಟು ಜೋಡಿ ಮೊಟ್ಟೆಯಿಟ್ಟವು? ಎಷ್ಟು ಮರಿ ಪೊಟರೆಯಿಂದ ಹಾರಿ ಹೊರಬಂದವು? ಪೊಟರೆ ಯಾವ ಮರದಲ್ಲಿದೆ, ಎಷ್ಟು ಎತ್ತರದಲ್ಲಿದೆ, ಹೋದ ವರ್ಷದ ಪೊಟರೆಗೇ ಮತ್ತೆ ಬಂದವೋ? ಇದಕ್ಕೆ ಉದ್ದ ಕೋಲಿನ ತುದಿಗೆ ಸಣ್ಣ ಕ್ಯಾಮೆರಾ ಕಟ್ಟಿ ಪೊಟರೆಯೊಳಗೆ ನೋಡುವುದುಂಟು. ಹೀಗೆ ಗೂಡಿಗೆ ಕೈ ಹಾಕುವ ಕೆಲಸಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ತರಬೇತಿಯೂ ಬೇಕು. ದೂರದಲ್ಲಿ ಕುಳಿತು ಗಂಡು ಎಷ್ಟು ಸಲ ಆಹಾರ ತಂದಿತು ಅಂತ ಬರೆದುಕೊಳ್ಳಲು ಯಾರ ಅನುಮತಿಯೂ ಬೇಡ.

ಇನ್ನೊಂದು ವಿಧಾನ ರಾತ್ರಿ ತಂಗುವ ಮರದ ಹತ್ತಿರ ಎಣಿಸುವುದು. ಹಗಲು ಹತ್ತು ಕಡೆ ಚದುರಿದ ಗಿಳಿಗಳು ಸಂಜೆ ಒಂದೇ ಮರಕ್ಕೋ ಒಂದೇ ಗುಂಪು ಮರಗಳಿಗೋ ಬರುತ್ತವೆ. ಇಬ್ಬರು ಮೂವರು ಬೇರೆ ಬೇರೆ ದಿಕ್ಕಿಗೆ ನಿಂತು, ತಮ್ಮ ಕಡೆಯಿಂದ ಬಂದದ್ದನ್ನು ಮಾತ್ರ ಎಣಿಸಬೇಕು. ಸುತ್ತಮುತ್ತ ಇಂಥ ಜಾಗ ನಾಲ್ಕಿದ್ದರೆ ನಾಲ್ಕರಲ್ಲೂ ಒಂದೇ ಸಂಜೆ ಎಣಿಸಬೇಕು. ಇಲ್ಲದಿದ್ದರೆ ಇವತ್ತು ಇಲ್ಲಿ ಎಣಿಸಿದ್ದನ್ನೇ ನಾಳೆ ಅಲ್ಲಿ ಎಣಿಸಿರುತ್ತೇವೆ. ಪ್ರತಿ ವರ್ಷ ಅದೇ ತಿಂಗಳಲ್ಲಿ ಎಣಿಸಬೇಕು. ಯಾಕೆಂದರೆ ಮೊಟ್ಟೆಯ ಕಾಲದಲ್ಲಿ ಹೆಣ್ಣುಗಳು ಪೊಟರೆಯಲ್ಲೇ ರಾತ್ರಿ ಕಳೆಯುತ್ತವೆ, ತಂಗುವ ಮರಕ್ಕೆ ಬರುವುದೇ ಇಲ್ಲ.

ಪ್ರೀತಿಯ ಜೊತೆ ಲೆಕ್ಕವೂ ಬೇಕು

ಒಳ್ಳೇ ಮನಸ್ಸು ಇದ್ದರೆ ಸಾಲದು, ಲೆಕ್ಕ ಇಡಬೇಕು ಅನ್ನುವುದಕ್ಕೆ ನ್ಯೂಜಿಲೆಂಡಿನ ಕಾಕಪೊ ಗಿಳಿಯಷ್ಟು ಒಳ್ಳೇ ಉದಾಹರಣೆ ಇನ್ನೊಂದಿಲ್ಲ. ಅದು ಹಾರಲು ಬಾರದ, ರಾತ್ರಿ ಓಡಾಡುವ ಗಿಳಿ. ಗಂಡು ನಾಲ್ಕು ಕೆಜಿವರೆಗೂ ತೂಗಬಹುದು. ಹೊರಗಿನಿಂದ ಬಂದ ಬೆಕ್ಕು, ಇಲಿ, ಮುಂಗುಸಿಯಂಥ ಪ್ರಾಣಿಗಳಿಗೆ ತುತ್ತಾಗಿ 1995ರ ಹೊತ್ತಿಗೆ 51 ಹಕ್ಕಿ ಉಳಿದಿದ್ದವು. ಉಳಿದವನ್ನು ಶತ್ರುಗಳಿಲ್ಲದ ದ್ವೀಪಗಳಿಗೆ ಸಾಗಿಸಿದರು.

ಈ ಗಿಳಿ ಪ್ರತಿ ವರ್ಷ ಮೊಟ್ಟೆಯಿಡುವುದಿಲ್ಲ. ರಿಮು ಅನ್ನುವ ಮರ ಎರಡು ಮೂರು ವರ್ಷಕ್ಕೊಮ್ಮೆ ತುಂಬಾ ಕಾಯಿ ಬಿಟ್ಟಾಗ ಮಾತ್ರ ಇಡುತ್ತದೆ. ಸರಿ, ಹೊಟ್ಟೆ ತುಂಬಾ ಆಹಾರ ಕೊಟ್ಟರೆ ಬೇಗ ಬೇಗ ಮೊಟ್ಟೆ ಇಟ್ಟೀತು ಅಂತ ಕಾರ್ಯಕರ್ತರು ಹೆಣ್ಣುಗಳಿಗೆ ಹೆಚ್ಚಿನ ತಿನಿಸು ಕೊಟ್ಟರು. ಹೆಣ್ಣುಗಳು ದಷ್ಟಪುಷ್ಟವಾದವು. ಆದರೆ ಹುಟ್ಟಿದ ಮರಿಗಳಲ್ಲಿ ಗಂಡೇ ಜಾಸ್ತಿ! ಮೈ ತುಂಬಿಕೊಂಡ ತಾಯಿ ಹೆಚ್ಚು ಗಂಡುಮರಿ ಹಾಕುತ್ತದೆ ಅನ್ನುವುದು ಹೀಗೆ ಲೆಕ್ಕ ಇಟ್ಟಿದ್ದರಿಂದ ಬೆಳಕಿಗೆ ಬಂತು. ಹೆಣ್ಣು ಕಡಿಮೆಯಾದರೆ ಆ ಜಾತಿ ಮುಗಿದ ಹಾಗೇ. ಆಮೇಲೆ ಪ್ರತಿ ಹೆಣ್ಣನ್ನೂ ತೂಗಿ, ತೂಕ ಒಂದು ಮಿತಿ ದಾಟದ ಹಾಗೆ ಅಳತೆ ಮಾಡಿ ಆಹಾರ ಕೊಡಲು ಶುರು ಮಾಡಿದರು. ಗಂಡು ಹೆಣ್ಣು ಸರಿಸಮವಾಗಿ ಹುಟ್ಟತೊಡಗಿದವು. 2022ರಲ್ಲಿ ಕಾಕಪೊಗಳ ಸಂಖ್ಯೆ 252ಕ್ಕೆ ಏರಿತು. ಒಂದೊಂದಕ್ಕೂ ಹೆಸರಿದೆ, ಮೈಮೇಲೆ ಸಣ್ಣ ರೇಡಿಯೊ ಇದೆ. ಈ ಕೆಲಸದಲ್ಲಿ ಸರ್ಕಾರದ ಜೊತೆ ಅಲ್ಲಿನ ಮೂಲನಿವಾಸಿ ಮಾವೊರಿ ಜನರ ಙಾಯ್ ತಾಹು ಸಮುದಾಯ ಪಾಲುದಾರನಾಗಿದೆ.

ಪೋರ್ಟೊ ರಿಕೊ ದ್ವೀಪದ ಹಸಿರು ಗಿಳಿಯ ಕಥೆಯಲ್ಲಿ ಪೊಟರೆ ಮತ್ತೆ ಬರುತ್ತದೆ. 1975ರಲ್ಲಿ ಅಲ್ಲಿನ ಕಾಡಿನಲ್ಲಿ ಉಳಿದದ್ದು 13 ಗಿಳಿ. ಗೂಡುಗಳನ್ನು ಕಾದು ನೋಡಿದಾಗ ಇನ್ನೊಂದು ಜಾತಿಯ ಹಕ್ಕಿ ಪೊಟರೆಗೆ ನುಗ್ಗಿ ಮೊಟ್ಟೆ, ಮರಿಗಳನ್ನು ಹಾಳು ಮಾಡುವುದು ಕಂಡಿತು. ಆ ಹಕ್ಕಿಗೆ ಆಳವಾದ, ಕತ್ತಲಿನ ಪೊಟರೆ ಇಷ್ಟವಿಲ್ಲ, ಗಿಳಿಗೆ ಅದರ ತೊಂದರೆಯಿಲ್ಲ. ಇದನ್ನು ಗಮನಿಸಿ ಆಳವಾದ ಗೂಡುಪೆಟ್ಟಿಗೆಗಳನ್ನು ಮಾಡಿಕೊಟ್ಟರು. ಗಿಳಿಗಳು ನಿಧಾನವಾಗಿ ಹೆಚ್ಚಿದವು. 2017ರಲ್ಲಿ ಮರಿಯಾ ಚಂಡಮಾರುತ ಬಂದು ಎಲ್ ಯುಂಕೆ ಕಾಡಿನಲ್ಲಿದ್ದ ಗಿಳಿಗಳನ್ನು ಅಳಿಸಿಹಾಕಿತು. ಇನ್ನೊಂದು ಕಾಡಿನಲ್ಲೂ ಗಿಳಿಗಳನ್ನು ಬೆಳೆಸಿಟ್ಟಿದ್ದರಿಂದ ಆ ಜಾತಿ ಬದುಕಿತು.

ಮಾರಿಷಸ್‌ನ ಎಕೊ ಗಿಳಿಯಂತೂ ನಮ್ಮ ಮಾಮೂಲಿ ಗಿಳಿಯ ಹತ್ತಿರದ ನೆಂಟ. 1980ರ ದಶಕದಲ್ಲಿ ಹತ್ತರ ಆಸುಪಾಸು ಉಳಿದಿತ್ತು. ಒಂದು ಜೋಡಿ ಮೂರು ನಾಲ್ಕು ಮೊಟ್ಟೆ ಇಟ್ಟರೂ ಸಾಕಿ ದೊಡ್ಡದು ಮಾಡುವುದು ಹೆಚ್ಚಾಗಿ ಒಂದೇ ಮರಿಯನ್ನು ಅನ್ನುವುದು ಗೊತ್ತಾಯಿತು. ಉಪವಾಸ ಬೀಳುವ ಮರಿಗಳನ್ನು ಎತ್ತಿ ಕೈಯಲ್ಲಿ ಸಾಕಿದರು, ಮರಿಯಿಲ್ಲದ ಜೋಡಿಗಳ ಪೊಟರೆಗೆ ಇಟ್ಟರು. ಈಗ ಅವು ನೂರಾರು ಇವೆ. ಆದರೆ ಆ ದ್ವೀಪಕ್ಕೆ ಮನುಷ್ಯರೇ ತಂದುಬಿಟ್ಟ ನಮ್ಮ ಮಾಮೂಲಿ ಗಿಳಿ ಅಲ್ಲಿ ಪೊಟರೆಗೆ ಪೈಪೋಟಿ ಕೊಡುತ್ತಿದೆ. ಕೊಕ್ಕು ಮತ್ತು ಪುಕ್ಕ ಹಾಳು ಮಾಡುವ ಒಂದು ವೈರಸ್ ರೋಗವೂ ಎಕೊ ಗಿಳಿಗಳನ್ನು ಕಾಡಿದೆ. ಸಾಕಿದ ಬಣ್ಣದ ಗಿಳಿಗಳನ್ನು ಪಾಪ ಅಂತ ತೋಟಕ್ಕೆ ಹಾರಿಬಿಡುವವರು ನಮ್ಮಲ್ಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಂಜರದಲ್ಲಿ ಅಂಟಿಕೊಂಡ ರೋಗ ಕಾಡಿನ ಹಿಂಡಿಗೆ ಹೋದರೆ ತಡೆಯುವವರು ಯಾರೂ ಇಲ್ಲ.

ಜೋಳ ತಿನ್ನುವ ಗಿಳಿ, ಜೋಳ ಬೆಳೆದ ರೈತ

ಸಂಶೋಧನೆ ಕಾರಣ ಹೇಳುತ್ತದೆ. ಆ ಕಾರಣವನ್ನು ಸರಿ ಮಾಡುವುದು ಆ ಜಾಗದಲ್ಲಿ ಬದುಕುವ ಜನರ ಕೈಯಲ್ಲಿದೆ. ಅವರನ್ನು ಬಿಟ್ಟು ಗಿಳಿ ಉಳಿಸಿದ ಉದಾಹರಣೆ ನನಗೆ ಎಲ್ಲೂ ಕಂಡಿಲ್ಲ.

ನಮ್ಮ ಬಯಲುಸೀಮೆಯ ರೈತರಿಗೆ ಹತ್ತಿರ ಅನಿಸುವುದು ಬ್ರೆಜಿಲ್‌ನ ಬಹಿಯಾ ರಾಜ್ಯದ ಕಥೆ. ಲಿಯರ್ ಮಕಾವ್ ಅನ್ನುವ ದೊಡ್ಡ ನೀಲಿ ಗಿಳಿ ಕಾಡಿನಲ್ಲಿ ಎಲ್ಲಿದೆ ಅನ್ನುವುದು ವಿಜ್ಞಾನಿಗಳಿಗೆ ತಿಳಿದದ್ದೇ 1978ರಲ್ಲಿ. ಆಗ ಇದ್ದದ್ದು ಕೆಲವೇ ಡಜನ್. ಲಿಕುರಿ ಅನ್ನುವ ತಾಳೆಯ ಕಾಯಿ ಅದರ ಮುಖ್ಯ ಆಹಾರ. ದನ, ಮೇಕೆ ಮೇಯ್ದು ಎಳೆ ತಾಳೆ ಮೇಲೇಳದಾದಾಗ ಗಿಳಿಗಳು ಮುಸುಕಿನ ಜೋಳದ ಹೊಲಕ್ಕೆ ಇಳಿದವು. ಅದು ಒಣ ಸೀಮೆ, ಬಡ ರೈತರು. ಕೆಲವರು ಗುಂಡು ಹೊಡೆದರು. ತಪ್ಪು ಯಾರದು ಅಂತ ಜಗಳ ಮಾಡುತ್ತಾ ಕೂರುವ ಬದಲು ಸಂರಕ್ಷಣಾ ಸಂಸ್ಥೆಗಳು ಹಾಳಾದ ಬೆಳೆಯನ್ನು ಅಳೆದು, ಅಷ್ಟು ಜೋಳವನ್ನು ಮೂಟೆಯಲ್ಲಿ ರೈತನ ಮನೆಗೆ ಕೊಟ್ಟವು. ಜೋಳಕ್ಕೆ ಜೋಳ. ಮರಿ ಕದಿಯುವವರ ಮೇಲೆ ಕಾವಲೂ ಬಂತು. ಇವತ್ತು ಆ ಗಿಳಿಗಳ ಸಂಖ್ಯೆ ಎರಡು ಸಾವಿರ ದಾಟಿದೆ.

ಅರಸೀಕೆರೆ ಕಡೆ ಮುಸುಕಿನ ಜೋಳ, ಸೂರ್ಯಕಾಂತಿ ಹಾಕಿದವರು ಹಾಲುಗಾಳು ಕಟ್ಟುವ ಹೊತ್ತಿಗೆ ಬೆಳಗಾಗುವ ಮುಂಚೆ ಹೊಲದಲ್ಲಿ ತಗಡು ಬಡಿಯುತ್ತಾರೆ. ಮಿಂಚುವ ರಿಬ್ಬನ್ ಕಟ್ಟುತ್ತಾರೆ, ಹಳೇ ಕ್ಯಾಸೆಟ್ಟಿನ ಟೇಪು ಎಳೆಯುತ್ತಾರೆ. ಅವರ ಸಿಟ್ಟು ನ್ಯಾಯವಾದದ್ದೇ. ಗಿಳಿ ಒಂದು ತೆನೆ ಪೂರ್ತಿ ತಿನ್ನುವುದಿಲ್ಲ, ಹತ್ತು ತೆನೆ ಕಚ್ಚಿ ಹಾಳು ಮಾಡುತ್ತದೆ. ಅವರಿಗೆ ಹಕ್ಕಿ ಪ್ರೀತಿಸಿ ಅಂತ ಭಾಷಣ ಮಾಡುವುದರಲ್ಲಿ ಅರ್ಥವಿಲ್ಲ. ಕಾಡಂಚಿನ ಹೊಲಗಳಲ್ಲಿ ಆನೆ ತುಳಿದ ಬೆಳೆಗೆ ಪರಿಹಾರ ಕೊಡುವ ಪದ್ಧತಿ ಇದೆ. ಗಿಳಿಯ ನಷ್ಟವನ್ನೂ ಯಾರಾದರೂ ಅಳೆದು ಬರೆದಿಡಬೇಕು. ಎಷ್ಟು ಸಾಲು, ಯಾವ ವಾರ, ಯಾವ ಕಡೆಯಿಂದ ಬಂದವು. ಎಲ್ಲ ಹೊಲಗಳೂ ಸಮ ನಷ್ಟ ಅನುಭವಿಸುವುದಿಲ್ಲ. ಒಂಟಿಯಾಗಿ ಬೇಗ ಬಿತ್ತಿದ ಹೊಲಕ್ಕೆ ಊರಿನ ಗಿಳಿಯೆಲ್ಲ ಬೀಳುತ್ತದೆ. ಊರವರೆಲ್ಲ ಒಂದೇ ವಾರ ಬಿತ್ತಿದರೆ ನಷ್ಟ ಹಂಚಿಹೋಗುತ್ತದೆ. ಇಂಥ ಸಣ್ಣ ಸಂಗತಿ ಲೆಕ್ಕ ಇಟ್ಟರೆ ಮಾತ್ರ ಕಣ್ಣಿಗೆ ಬೀಳುತ್ತದೆ.

ಕೊಲಂಬಿಯಾದಲ್ಲಿ ಸಮಸ್ಯೆ ಹಬ್ಬದ ರೂಪದಲ್ಲಿ ಬಂದಿತ್ತು. ಹಳದಿ ಕಿವಿಯ ಗಿಳಿ ಅಲ್ಲಿನ ಮೇಣದ ತಾಳೆ ಮರದ ಪೊಟರೆಯಲ್ಲೇ ಬದುಕುತ್ತದೆ. ತಾಳೆಗಳಲ್ಲೆಲ್ಲ ಅತಿ ಎತ್ತರದ ಮರ ಅದು, ಬೆಳೆಯುವುದು ಮಾತ್ರ ಬಹಳ ನಿಧಾನ. ಈಸ್ಟರ್ ಹಬ್ಬಕ್ಕೆ ಒಂದು ವಾರ ಮುಂಚೆ ಕ್ರೈಸ್ತರು ಆಚರಿಸುವ ಗರಿಗಳ ಭಾನುವಾರದ ಮೆರವಣಿಗೆಗೆ ಅದರ ಎಳೆಗರಿಯನ್ನೇ ಕಡಿದು ತರುವ ರೂಢಿ ಇತ್ತು. 1999ರಲ್ಲಿ ಸಂಶೋಧಕರಿಗೆ ಸಿಕ್ಕಿದ್ದು 81 ಗಿಳಿಗಳು. ಅವರು ಹಬ್ಬ ನಿಲ್ಲಿಸಿ ಅನ್ನಲಿಲ್ಲ. ಚರ್ಚಿನ ಪಾದ್ರಿಗಳನ್ನು ಜೊತೆಗೆ ಹಾಕಿಕೊಂಡು ಬೇರೆ ಗಿಡಗಳ ಗರಿ ಬಳಸುವಂತೆ ಜನರನ್ನು ಒಪ್ಪಿಸಿದರು. ಹತ್ತು ವರ್ಷದಲ್ಲಿ ಗಿಳಿಗಳು ಸಾವಿರದ ಹತ್ತಿರ ಬಂದವು. ಸೇಂಟ್ ಲೂಸಿಯಾ ಅನ್ನುವ ಪುಟ್ಟ ದ್ವೀಪ ಇನ್ನೊಂದು ದಾರಿ ಹಿಡಿಯಿತು. 1970ರ ದಶಕದ ಕೊನೆಗೆ ನೂರು ನೂರೈವತ್ತಕ್ಕೆ ಇಳಿದಿದ್ದ ತನ್ನ ಗಿಳಿಯನ್ನು 1979ರಲ್ಲಿ ರಾಷ್ಟ್ರಪಕ್ಷಿ ಮಾಡಿ, ಶಾಲೆ, ಚರ್ಚು, ಹಾಡು, ಭಿತ್ತಿಚಿತ್ರ ಎಲ್ಲದರಲ್ಲೂ ತಂದಿತು. ಇದು ನಮ್ಮ ಗಿಳಿ, ಬೇರೆ ಯಾರ ಹತ್ತಿರವೂ ಇಲ್ಲ ಅನ್ನುವ ಹೆಮ್ಮೆ ಬಂತು. ಈಗ ಸಾವಿರ ದಾಟಿವೆ. ನೀಲಿ ರೆಕ್ಕೆಯ ಗಿಳಿಯ ಬಗ್ಗೆ ಅಂಥ ಹೆಮ್ಮೆ ಪಡುವ ಹಕ್ಕು ನಮಗೂ ಇದೆ, ಅಲ್ವಾ?

ಫಿಲಿಪ್ಪೀನ್ಸ್‌ನ ರಾಸಾ ದ್ವೀಪದಲ್ಲಿ 1998ರಿಂದ ಕಾಕಟೂ ಗಿಳಿಗಳ ಗೂಡು ಕಾಯುತ್ತಿರುವವರಲ್ಲಿ ಹಿಂದೆ ಅದೇ ಗೂಡುಗಳಿಂದ ಮರಿ ಕದಿಯುತ್ತಿದ್ದವರಿದ್ದಾರೆ. ಯಾವ ಮರ, ಯಾವ ಪೊಟರೆ, ಮರಿ ಯಾವಾಗ ಬಲಿಯುತ್ತದೆ ಅನ್ನುವುದು ಅವರಿಗಿಂತ ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ. ಆ ತಿಳುವಳಿಕೆಗೆ ಸಂಬಳ ಕೊಟ್ಟರು. ನಮ್ಮದೇ ರಾಜ್ಯದಲ್ಲಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದೆ. ಗೂಡು ಕಟ್ಟಲು ಬರುವ ಕೊಕ್ಕರೆ, ಹೆಜ್ಜಾರ್ಲೆಗಳನ್ನು ಆ ಊರಿನವರು ಹೆರಿಗೆಗೆ ತವರಿಗೆ ಬಂದ ಮಗಳು ಅನ್ನುತ್ತಾರೆ. ಹಿತ್ತಲಿನ ಹುಣಸೆ ಮರದ ಮೇಲೆ ಗೂಡಿರುವಾಗ ಕಾಯಿ ಬಡಿಯದೆ ಬಿಡುವವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡನ್ನೂ ಅಲ್ಲಿ ಮಾಡಿದೆ.

ತೋಟದ ಮರ ಮತ್ತು ಮರಗಸಿ

ಈಗ ಕಾಫಿ ತೋಟಕ್ಕೆ ಬರೋಣ. ನನ್ನ ಲೆಕ್ಕದಲ್ಲಿ ಮಲೆನಾಡಿನ ಗಿಳಿಗಳ ಭವಿಷ್ಯ ಅಭಯಾರಣ್ಯದ ಜೊತೆಗೆ ತೋಟಗಳಲ್ಲೂ ನಿರ್ಧಾರವಾಗುತ್ತದೆ. ಕರ್ನಾಟಕದ ಪಶ್ಚಿಮ ಘಟ್ಟದ ಕಾಫಿ ತೋಟಗಳಲ್ಲಿ 2013ರಿಂದ 2015ರವರೆಗೆ ಹಕ್ಕಿಗಳ ಸಮೀಕ್ಷೆ ಮಾಡಿದ ವಿಜ್ಞಾನಿಗಳು ಕಾಡನ್ನು ನಂಬಿ ಬದುಕುವ 79 ಜಾತಿಯ ಹಕ್ಕಿಗಳು ತೋಟಗಳಲ್ಲಿರುವುದನ್ನು ಕಂಡರು. ಅದರಲ್ಲಿ ಅಲೆಕ್ಸಾಂಡ್ರಿನ್ ಗಿಳಿಯೂ ಇತ್ತು. ಕಾಫಿಯ ಎರಡು ಬಗೆಗಳಲ್ಲಿ ಹಕ್ಕಿಗಳಿಗೆ ಅರೇಬಿಕಾ ತೋಟ ಒಳ್ಳೆಯದೋ ರೋಬಸ್ಟಾ ತೋಟವೋ ಅನ್ನುವುದು ಅವರ ಪ್ರಶ್ನೆ. ರೋಬಸ್ಟಾಕ್ಕೆ ನೆರಳು ಕಡಿಮೆ ಸಾಕು, ಹಾಗಾಗಿ ಅಲ್ಲಿ ಹಕ್ಕಿ ತೀರಾ ಕಡಿಮೆ ಇರಬಹುದು ಅನ್ನುವ ಭಯವಿತ್ತು. ಮರಗಳು ಉಳಿದಿರುವ ಕಡೆ ಅಷ್ಟು ಕೆಟ್ಟದಾಗಿಲ್ಲ ಅನ್ನುವುದು ಗೊತ್ತಾಯಿತು.

ಮರ ಉಳಿಯುವುದೇ ಕಷ್ಟವಾಗಿದೆ. ಹಳೇ ತೋಟಗಳಲ್ಲಿ ಅತ್ತಿ, ಬಸರಿ, ಗೋಣಿ, ಹಲಸು, ನಂದಿ, ಮತ್ತಿ, ಬೀಟೆ ಇರುತ್ತಿದ್ದವು. ನಡುನಡುವೆ ಹಾಲುವಾಣ. ಅತ್ತಿ, ಬಸರಿ ಹಣ್ಣು ಗಿಳಿಗೆ ಊಟ, ಹಾಲುವಾಣದ ಕೆಂಪು ಹೂವಿನ ಮಕರಂದ ನೀಲಿ ರೆಕ್ಕೆಯ ಗಿಳಿಗೆ ಇಷ್ಟ. ಈಗ ಎಲ್ಲ ಕಡೆ ಸಿಲ್ವರ್ ಓಕ್. ಬೇಗ ಬೆಳೆಯುತ್ತದೆ, ನೇರ ಹೋಗುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ. ಕಷ್ಟಕಾಲದಲ್ಲಿ ಕಡಿದು ಮಾರಲು ಕಾಡುಮರಗಳಷ್ಟು ತಾಪತ್ರಯವಿಲ್ಲ. ಬೆಳೆಗಾರರನ್ನು ದೂರುವ ಹಾಗಿಲ್ಲ. ಕಾಫಿ ಬೆಲೆ ಬಿದ್ದ ವರ್ಷಗಳಲ್ಲಿ ಎಷ್ಟೋ ಮನೆ ನಡೆದದ್ದು ಮೆಣಸು ಮತ್ತು ಈ ಮರದಿಂದ. ಆದರೆ ಎಳೆ ಪ್ರಾಯದಲ್ಲೇ ಕಡಿಯುವ ಮರದಲ್ಲಿ ಪೊಟರೆ ಆಗಲು ಹೊತ್ತೇ ಇರುವುದಿಲ್ಲ. ತೋಟ ಹಸಿರಾಗಿಯೇ ಕಾಣುತ್ತದೆ, ಮೊಟ್ಟೆಯಿಡಲು ಜಾಗವಿಲ್ಲ.

ಒಣಮರದ ವಿಷಯವೂ ಇದೆ. ಕುಟ್ರಹಕ್ಕಿಗೆ ಕೊರೆಯಲು ಬೇಕಾದದ್ದು ಸತ್ತು ಮೆದುವಾದ ಕೊಂಬೆ. ನಾವು ಒಣಗಿದ್ದನ್ನೆಲ್ಲ ಸೌದೆಗೆ ಇಳಿಸುತ್ತೇವೆ. ಕುಟ್ರ ಕೊರೆಯದಿದ್ದರೆ ಗಿಳಿಗೆ ಪೊಟರೆ ಇಲ್ಲ. ಕೆಲಸಗಾರರ ಲೈನ್ ಮನೆ, ಕರೆಂಟ್ ತಂತಿ, ಜನ ಓಡಾಡುವ ದಾರಿಯಿಂದ ದೂರ ಇರುವ ಒಣಮರಗಳಲ್ಲಿ ಒಂದೊಂದನ್ನಾದರೂ ಹಾಗೇ ಬಿಡಬಹುದು. ಮನುಷ್ಯರ ಮೇಲೆ ಬೀಳುವಂಥದ್ದನ್ನು ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಇನ್ನು ಮರಗಸಿ. ನೆರಳು ಬಿಡಿಸಲು ಮರ ಹತ್ತಿ ಕೊಂಬೆ ಇಳಿಸುವ ಈ ಕೆಲಸ ಕುಯಿಲು ಮುಗಿದ ಮೇಲೆ, ಮಳೆಗಾಲಕ್ಕೆ ಮುಂಚೆ ನಡೆಯುತ್ತದೆ. ನೀಲಿ ರೆಕ್ಕೆಯ ಗಿಳಿ ಮರಿ ಮಾಡುವುದು ಜನವರಿಯಿಂದ ಮಾರ್ಚ್ ಸುಮಾರಿಗೆ. ಎರಡೂ ಒಂದರ ಮೇಲೊಂದು ಬೀಳುತ್ತವೆ. ಇಲ್ಲಿ ನನಗೆ ಬಹಳ ಮುಖ್ಯ ಅನಿಸುವ ಒಂದು ಸಂಗತಿ ಇದೆ. ಮರಗಸಿಗೆ ಹತ್ತುವವರು ವರ್ಷವೂ ಅದೇ ಮರಗಳನ್ನು ಹತ್ತುತ್ತಾರೆ. ಯಾವ ಪೊಟರೆಯಲ್ಲಿ ಗಿಳಿ, ಯಾವುದರಲ್ಲಿ ಜೇನು, ಯಾವುದರಲ್ಲಿ ಹಾವು ಅಂತ ಅವರಿಗೆ ಗೊತ್ತು. ಗೊತ್ತಿಲ್ಲದೆ ಕೈ ಹಾಕಿದರೆ ಜೀವಕ್ಕೆ ಅಪಾಯ. ಹೊರಗಿನಿಂದ ಬಂದ ಸಂಶೋಧಕರು ತಿಂಗಳುಗಟ್ಟಲೆ ದುರ್ಬೀನು ಹಿಡಿದು ಹುಡುಕುವುದನ್ನು ಅವರು ಕಾಫಿ ಕುಡಿಯುತ್ತಾ ಹೇಳಬಲ್ಲರು. ಆದರೆ ಇದು ಯಾವ ದಾಖಲೆಯಲ್ಲೂ ಇಲ್ಲ, ಯಾರೂ ಅವರನ್ನು ಕೇಳಿಲ್ಲ. ತೋಟದ ಲೆಕ್ಕ ಬರೆಯುವ ರೈಟರು ಅಥವಾ ಮೇಸ್ತ್ರಿ ಒಂದು ಪುಸ್ತಕ ಇಟ್ಟು, ಮರಗಸಿ ದಿನದ ಕೊನೆಗೆ ಇವತ್ತು ಎಷ್ಟು ಪೊಟರೆ ಕಂಡಿರಿ, ಯಾವ ಮರ, ಒಳಗೆ ಏನಿತ್ತು ಅಂತ ಕೇಳಿ ಬರೆದರೆ ಸಾಕು. ಮರಿ ಇರುವ ಮರಕ್ಕೆ ಒಂದು ಬಣ್ಣದ ಗುರುತು ಹಾಕಿ ಆ ಮರವನ್ನು ಕೊನೆಗೆ ಇಟ್ಟುಕೊಳ್ಳಬಹುದು. ಕೆಲವು ವಾರ ತಡವಾದರೆ ಬೆಳೆಗೆ ಹಾನಿಯಿಲ್ಲ. ಮರಿಯಿರುವ ಪೊಟರೆ ಕಂಡು ಹೇಳಿದವರಿಗೆ ಕೂಲಿಯ ಮೇಲೆ ಇಷ್ಟು ಅಂತ ಕೊಟ್ಟರೆ ಇನ್ನೂ ಒಳ್ಳೆಯದು. ಅದು ಭಿಕ್ಷೆಯಲ್ಲ, ಅವರ ತಿಳುವಳಿಕೆಗೆ ಸಲ್ಲಬೇಕಾದ ಬೆಲೆ.

ಪಂಜರದ ಬಗ್ಗೆ ಹೇಳದೆ ಮುಗಿಸುವ ಹಾಗಿಲ್ಲ. ಬೇಲೂರಿನ ಗುಡಿಯಲ್ಲಿ ಶುಕಭಾಷಿಣಿಯ ಕೈಮೇಲೆ ಗಿಳಿ ಕೂತಿದೆ. ಮುದ್ದು ಮಗುವನ್ನು ಗಿಣಿರಾಮ ಅನ್ನುತ್ತೇವೆ. ನಮಗೆ ಗಿಳಿಯ ಮೇಲೆ ಪ್ರೀತಿ ಕಡಿಮೆಯಿಲ್ಲ, ಆ ಪ್ರೀತಿಯೇ ಅದನ್ನು ಪಂಜರಕ್ಕೆ ತಂದಿದೆ. ನಮ್ಮ ದೇಶದ ಕಾಡುಗಿಳಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ದೇಶದ ಹಕ್ಕಿಗಳ ವ್ಯಾಪಾರ 1990-91ರಿಂದ ಪೂರ್ತಿ ನಿಷೇಧವಾಗಿದೆ. ಆದರೂ ಸಂತೆಯಲ್ಲಿ ಪುಕ್ಕ ಬಾರದ ಮರಿಗಳು ಸಿಗುತ್ತವೆ. ಕೊಳ್ಳುವವರು ಒಂದು ಮರಿ ಕೊಂಡೆ ಅಂದುಕೊಳ್ಳುತ್ತಾರೆ. ದಾರಿಯಲ್ಲೇ ಸತ್ತ ಮರಿಗಳು, ಒಡೆದ ಪೊಟರೆ ಅವರ ಕಣ್ಣಿಗೆ ಬೀಳುವುದಿಲ್ಲ. ಮನೆಯಲ್ಲಿ ಈಗಾಗಲೇ ಗಿಳಿ ಇದ್ದರೆ ಬಾಗಿಲು ತೆಗೆದು ಹಾರಿಬಿಡಬೇಡಿ. ರೆಕ್ಕೆಗೆ ಬಲವಿಲ್ಲದ, ಆಹಾರ ಹುಡುಕಲು ಬಾರದ ಹಕ್ಕಿ ಕಾಗೆ, ಬೆಕ್ಕಿನ ಪಾಲಾಗುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸುವುದು ಸರಿಯಾದ ದಾರಿ.

ಎಣಿಸಲು ಶುರು ಮಾಡಬೇಕು ಅನ್ನುವವರಿಗೆ ಫೆಬ್ರವರಿ ಒಳ್ಳೇ ತಿಂಗಳು. ಪ್ರತಿ ವರ್ಷ ಆ ತಿಂಗಳಲ್ಲಿ ನಾಲ್ಕು ದಿನ ಪ್ರಪಂಚದಾದ್ಯಂತ ಹಿತ್ತಲಿನ ಹಕ್ಕಿಗಳ ಎಣಿಕೆ ನಡೆಯುತ್ತದೆ. ಭಾರತದಲ್ಲೂ 2013ರಿಂದ ನಡೆಯುತ್ತಿದೆ. ಹದಿನೈದು ನಿಮಿಷ ಒಂದು ಕಡೆ ನಿಂತು ಕಂಡ ಹಕ್ಕಿಗಳನ್ನೆಲ್ಲ ಬರೆದು ಇ-ಬರ್ಡ್ ತಾಣಕ್ಕೆ ಹಾಕಿದರಾಯಿತು. ಹೀಗೆ ಸಾಮಾನ್ಯ ಜನ ಬರೆದಿಟ್ಟ ಲೆಕ್ಕವನ್ನೇ ಒಟ್ಟು ಮಾಡಿ 2023ರಲ್ಲಿ ದೇಶದ 942 ಜಾತಿಯ ಹಕ್ಕಿಗಳ ಸ್ಥಿತಿ ಏನು ಅನ್ನುವ ವರದಿ ಬಂತು. ಗಿಳಿಗಳ ಗೂಡಿನ ಕಾಲವೂ ಅದೇ ಆದ್ದರಿಂದ ನೋಡುತ್ತಾ ನಿಂತರೆ ಯಾವ ಮರದ ಸುತ್ತ ಜೋಡಿ ಸುಳಿದಾಡುತ್ತಿದೆ ಅನ್ನುವುದೂ ಕಾಣುತ್ತದೆ. ಆದರೆ ಗೂಡಿನ ಜಾಗವನ್ನು ಯಾವ ತಾಣಕ್ಕೂ, ವಾಟ್ಸಾಪ್ ಗುಂಪಿಗೂ ಹಾಕಬೇಡಿ. ಮರಿ ಎತ್ತುವವರೂ ಅದನ್ನು ನೋಡುತ್ತಾರೆ. ಗೂಡಿನ ಮರಗಳ ಪಟ್ಟಿ ಊರಲ್ಲೇ ಇರಲಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಒಂದು ದಾಖಲೆ ಪುಸ್ತಕ ಇಡಬೇಕು. ಪೊಟರೆಯಿರುವ ಹಳೇ ಮರಗಳನ್ನು ಅದರಲ್ಲಿ ಬರೆಸಿದರೆ ನಾಳೆ ರಸ್ತೆ ಅಗಲ ಮಾಡುವಾಗ ಪಂಚಾಯಿತಿ ಮುಂದೆ ತೋರಿಸಲು ಕಾಗದ ಇರುತ್ತದೆ. ಮೊದಲ ವರ್ಷದ ಎಣಿಕೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಐದಾರು ವರ್ಷ ಬಿಡದೆ ನಡೆದರೆ ಮರಿಗಳು ಬರುತ್ತಿವೆಯೋ ಇಲ್ಲವೋ ಅನ್ನುವುದು ಗೊತ್ತಾಗುತ್ತದೆ. ಒಬ್ಬರ ಉತ್ಸಾಹ ಅಷ್ಟು ದಿನ ನಿಲ್ಲುವುದು ಕಷ್ಟ. ಊರಿನ ಶಾಲೆಯೋ, ಬೆಳೆಗಾರರ ಸಂಘವೋ, ಸ್ತ್ರೀಶಕ್ತಿ ಗುಂಪೋ ವಹಿಸಿಕೊಂಡು, ಎಣಿಸುವವರು ಬದಲಾದರೂ ನಿಲ್ಲುವ ಜಾಗ, ತಿಂಗಳು, ಹೊತ್ತು ಬದಲಾಗದ ಹಾಗೆ ನೋಡಿಕೊಳ್ಳುವುದು ವಾಸಿ.